ಕರಿದ ಎಣ್ಣೆಯಲ್ಲಿ ಜೀಪು: ಮೂರು ದಾರಿ ಹಿಡಿದು ನೋಡಿದ್ದು

ನಮ್ಮದು ಪ್ಯೂಜೋ ಎಂಜಿನ್ನಿನ ಹಳೇ ಮಹೀಂದ್ರ ಜೀಪು. ಓಡುವುದೆಲ್ಲ ತೋಟದೊಳಗೇ. ಪೋಲಾರ್ ಕಾಂಪೌಂಡ್ (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶ) ಶೇ. 25 ದಾಟಿದ ಎಣ್ಣೆಯಲ್ಲಿ ಮತ್ತೆ ಕರಿಯುವಂತಿಲ್ಲ ಎಂದು 2018ರಲ್ಲಿ ನಿಯಮ ಬಂತಲ್ಲ, ಹಾಗೆ ಹೋಟೆಲಿನವರು ಬಿಟ್ಟ ಎಣ್ಣೆ ನನಗೆ ಸಿಗತೊಡಗಿತು.

ಮೊದಲು ಮಾಡಿದ್ದು ಸೋಮಾರಿಯ ದಾರಿ. ಎಣ್ಣೆ ಸೋಸಿ, 3 ಪಾಲು ಎಣ್ಣೆಗೆ 7 ಪಾಲು ಡೀಸೆಲ್ ಬೆರೆಸಿ ಹಾಕಿದೆ. ಬೇಸಿಗೆಯಲ್ಲಿ ಏನೂ ತೊಂದರೆಯಿಲ್ಲ. ಹಿಂದೆ ಬರುವವರಿಗೆ ಬಜ್ಜಿ ವಾಸನೆ, ಅಷ್ಟೇ. ಡಿಸೆಂಬರ್ ಬಂತು ನೋಡಿ, ಪಾಮೆಣ್ಣೆ ತುಪ್ಪದ ಹಾಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟಿತು. ಎಂಜಿನ್ನಿಗೆ ಇಂಧನ ಸಿಡಿಸುವ ನಾಝಲ್ ಬಿಚ್ಚಿದರೆ ಕರಿ ಕಟ್ಟಿತ್ತು. ಎಣ್ಣೆ ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಮಂದ. ಸಣ್ಣ ಹನಿಯಾಗಿ ಸಿಡಿಯದೆ ಅರ್ಧಂಬರ್ಧ ಉರಿಯುತ್ತದೆ.

ಮಂದ ಇಳಿಸಲು ಬಿಸಿ ಮಾಡಬೇಕು. ಅದಕ್ಕೇ ಎರಡನೇ ಟ್ಯಾಂಕ್. ರೇಡಿಯೇಟರಿನ ಬಿಸಿನೀರು ತಾಮ್ರದ ಸುರುಳಿಯಲ್ಲಿ ಹರಿದು ಎಣ್ಣೆ ಕಾಯಿಸುತ್ತದೆ. ಡೀಸೆಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುಂಚೆ ಮತ್ತೆ ಡೀಸೆಲಿಗೆ ಬಂದು ಪೈಪು ತೊಳೆಯಬೇಕು. ಒಂದು ಸಂಜೆ ಅದನ್ನು ಮರೆತೆ. ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸತ್ತಿತು, ನಾಲ್ಕು ಜನ ಇಳಿಜಾರಿಗೆ ತಳ್ಳಿದರು. ಆದರೂ ಈ ವ್ಯವಸ್ಥೆಯಲ್ಲಿ ದೋಷವಿಲ್ಲ, ನಮ್ಮ ಓಡಾಟಕ್ಕೆ ಒಗ್ಗಲಿಲ್ಲ. ಎಣ್ಣೆ ಕಾಯುವಷ್ಟರಲ್ಲಿ ನಾವು ಹೋಗಬೇಕಾದ ಕಣವೇ ಬಂದಿರುತ್ತದೆ! ದಿನಾ ಐವತ್ತು-ಅರವತ್ತು ಕಿಲೋಮೀಟರ್ ಒಂದೇ ಸಮ ಓಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಈಗ ಬಯೋಡೀಸೆಲ್, ಅಂದರೆ ಎಣ್ಣೆಯನ್ನೇ ರಾಸಾಯನಿಕವಾಗಿ ಬದಲಿಸಿ ತೆಳುವಾಗಿಸಿದ ಇಂಧನ. 50 ಲೀಟರ್ ಎಣ್ಣೆಗೆ 10 ಲೀಟರ್ ಮೆಥನಾಲ್, ಅದರಲ್ಲಿ ಕರಗಿಸಿದ ಕಾಸ್ಟಿಕ್ ಸೋಡಾ. 55 ಡಿಗ್ರಿಯಲ್ಲಿ ಒಂದು ಗಂಟೆ ಕಲಕಿ ರಾತ್ರಿ ಬಿಟ್ಟರೆ ಗ್ಲಿಸರಿನ್ ತಳ ಸೇರುತ್ತದೆ. ಮೇಲಿನದನ್ನು ನೀರಲ್ಲಿ ತೊಳೆದು ಒಣಗಿಸಬೇಕು. ನನ್ನ ಮೊದಲ ಸಲದ್ದು ಪೂರ್ತಿ ಸೋಪಾಯಿತು, ಎಣ್ಣೆಯಲ್ಲಿ ನೀರಿತ್ತು. ಈಗ ಬಿಸಿ ಕಾವಲಿಗೆ ಎರಡು ಹನಿ ಬಿಟ್ಟು ನೋಡುತ್ತೇನೆ. ಚಟಪಟ ಎಂದರೆ ಮತ್ತೆ ಕಾಯಿಸಿ ನೀರು ಹೋಗಿಸುವುದೇ. ಎಣ್ಣೆಯಲ್ಲಿ ಹುಳಿ (ಆಮ್ಲ) ಎಷ್ಟಿದೆ ಎಂದು ಸ್ಯಾಂಪಲ್ ನೋಡಿಯೇ ಸೋಡಾ ತೂಗುತ್ತೇನೆ. ಮೆಥನಾಲ್ ವಿಷ, ಉರಿದರೆ ಹಗಲಲ್ಲಿ ಜ್ವಾಲೆಯೂ ಕಾಣುವುದಿಲ್ಲ. ಮನೆಯಿಂದ ದೂರ, ಬಯಲಲ್ಲೇ ಈ ಕೆಲಸ.

ಗಾಡಿಗೆ ಹಾಕಿದ ಮೇಲೆ ಮಾತ್ರ ಸುಖ. ವಾಲ್ವ್ ತಿರುಗಿಸುವ ತಲೆನೋವಿಲ್ಲ. ಟ್ಯಾಂಕಿನ ಹಳೇ ಕೊಳೆ ಎಬ್ಬಿಸಿ ಎರಡು ಫಿಲ್ಟರ್ ತಿಂದಿತು, ರಬ್ಬರ್ ಪೈಪು ಉಬ್ಬಿತು, ಬದಲಿಸಿದೆ. ತೀರಾ ಚಳಿಯಿದ್ದರೆ ಅರ್ಧ ಡೀಸೆಲ್ ಬೆರೆಸುತ್ತೇನೆ. ಮೈಲೇಜ್ ಸ್ವಲ್ಪ ಕಮ್ಮಿಯೇ. ಪಕ್ಕದ ತೋಟದವರು ತಮ್ಮ ಕಾಮನ್ ರೈಲ್ ಗಾಡಿಗೂ (ಭಾರಿ ಒತ್ತಡದಲ್ಲಿ ಇಂಧನ ಸಿಡಿಸುವ ಹೊಸ ಬಗೆಯ ಡೀಸೆಲ್ ಎಂಜಿನ್) ಕೇಳಿದರು, ಕೊಡಲಿಲ್ಲ. ಆ ಇಂಜೆಕ್ಟರ್ ಒಂದರ ಬೆಲೆಗೆ ನಮ್ಮ ಜೀಪಿನ ಅರ್ಧ ರಿಪೇರಿ ಆಗುತ್ತದೆ.

ಎರಡನೇ ಟ್ಯಾಂಕ್ ಶೆಡ್ಡಿನಲ್ಲಿ ಖಾಲಿ ಬಿದ್ದಿದೆ. ತಾಮ್ರದ ಸುರುಳಿ ಈಗ ಎಣ್ಣೆ ಕಾಯಿಸುವ ಡ್ರಮ್ಮಿನೊಳಗಿದೆ.