ಹಿಂದೂಪುರದಿಂದ ನಂದಿ ತಪ್ಪಲಿನ ವೈನ್ ತೋಟಕ್ಕೆ: ಯಾವ ತಿಂಗಳು ಹೋದರೆ ದುಡ್ಡಿಗೆ ಮೋಸವಿಲ್ಲ

ಹಿಂದೂಪುರ, ಮಡಕಶಿರಾ ಕಡೆಯವರಿಗೆ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಜಂಪಾ ಕಂಪನಿಯ ದ್ರಾಕ್ಷಿ ತೋಟ ಬೆಂಗಳೂರಿಗಿಂತ ಹತ್ತಿರ. ಬೆಂಗಳೂರಿನ ರೈಲಿನಲ್ಲಿ ದೊಡ್ಡಬಳ್ಳಾಪುರಕ್ಕಿಳಿದು, ದೇವನಹಳ್ಳಿ ರಸ್ತೆಯ ರಘುನಾಥಪುರಕ್ಕೆ ಆಟೋ ಹಿಡಿಯಬೇಕು. ಎಕ್ಸ್‌ಪ್ರೆಸ್‌ಗಳೆಲ್ಲ ಅಲ್ಲಿ ನಿಲ್ಲುವುದಿಲ್ಲ, ನೋಡಿಕೊಂಡು ಹತ್ತಿ. ಸ್ವಂತ ಗಾಡಿಯಾದರೆ ಕುಡಿಯದ ಒಬ್ಬರು ಜೊತೆಗಿರಲೇಬೇಕು.

ತೋಟ ಸುತ್ತಿ ವೈನ್ ರುಚಿ ನೋಡುವುದಕ್ಕೆ ಮೊದಲೇ ಬುಕ್ ಮಾಡಿ. ಆದರೆ ಅದಕ್ಕೂ ಮೊದಲು ತಿಂಗಳು ನೋಡಿ. ನಮ್ಮ ಹವೆಯಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ, ಅದಕ್ಕೇ ವರ್ಷಕ್ಕೆರಡು ಸಲ ಕತ್ತರಿ. ಏಪ್ರಿಲ್ ಹೊತ್ತಿಗೆ ಕಡ್ಡಿ ಬಲಿಯಲೆಂದು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹಣ್ಣಿಗೆಂದು. ಕೊಯ್ಲು ಜನವರಿ ಕೊನೆಯಿಂದ ಮಾರ್ಚ್‌ವರೆಗೆ. ಆಗ ಹೋದರೆ ಹಣ್ಣು ಹಿಂಡುವುದು, ಟ್ಯಾಂಕ್‌ನಲ್ಲಿ ಹುಳಿಯುವುದು ಎರಡೂ ಕಣ್ಣಿಗೆ ಬೀಳುತ್ತವೆ. ಏಪ್ರಿಲ್ ಕತ್ತರಿಯ ಬೆನ್ನಲ್ಲೇ ಹೋದವರು ಬರಿ ಕಡ್ಡಿ, ತಂತಿ ನೋಡಿ ಬೈದುಕೊಂಡೇ ಬರುತ್ತಾರೆ.

ಗೊಂಚಲು ಕಿತ್ತು ತಿನ್ನುವ ಆಸೆ ಬೇಡ. ಈ ಸೀಮೆಯ ತಿನ್ನುವ ದ್ರಾಕ್ಷಿ ಬೆಂಗಳೂರು ಬ್ಲೂ ಬೇರೆ. ಒತ್ತಿದರೆ ತಿರುಳು ಜಾರಿ ಸಿಪ್ಪೆ ಕೈಯಲ್ಲುಳಿಯುವ ಹಣ್ಣು ಅದು. ಇಲ್ಲಿರುವುದು ವೈನಿನ ತಳಿಗಳು, ಕೆಂಪಿಗೆ ಶಿರಾಜ್, ಕ್ಯಾಬರ್ನೆ ಸೋವಿನ್ಯೊನ್, ಬಿಳಿಗೆ ವಿಯೋನಿಯೆ: ಸಣ್ಣ ಕಾಯಿ, ದಪ್ಪ ಸಿಪ್ಪೆ, ಬೀಜವೂ ಉಂಟು. ಕೆಂಪು ವೈನಿಗೆ ಬಣ್ಣ, ಒಗರು ಬರುವುದೇ ಆ ಸಿಪ್ಪೆಯಿಂದ. ಕೆಂಪಿಗೆ ಹಣ್ಣನ್ನು ಸಿಪ್ಪೆಸಮೇತ ಹುಳಿಸುತ್ತಾರೆ, ಬಿಳಿಯದಕ್ಕೆ ಮೊದಲೇ ಹಿಂಡಿ ರಸ ಬೇರೆ ಮಾಡುತ್ತಾರೆ. ವೈನ್ ಮಾಗಿಸುವ ಕೋಣೆಯಾದ ಸೆಲ್ಲಾರ್‌ನಲ್ಲಿ ಓಕ್ ಮರದ ಪೀಪಾಯಿಗಳ ಮುಂದೆ ಪ್ರಶ್ನೆ ಕೇಳಲು ಸಂಕೋಚಪಡಬೇಡಿ, ಟೂರಿನ ಸತ್ವ ಇರುವುದೇ ಅಲ್ಲಿ.

ರುಚಿ ನೋಡುವಾಗ ಬಿಳಿ ಮೊದಲು, ಕೆಂಪು ಆಮೇಲೆ. ತಿರುಗುಮುರುಗಾದರೆ ಒಗರು ನಾಲಗೆಗೆ ಮೆತ್ತಿಕೊಂಡು ಬಿಳಿ ವೈನ್ ನೀರು ಅನಿಸುತ್ತದೆ. ಖಾರದ ಚಿಪ್ಸ್ ಬೇಡ. ಎಲ್ಲ ಗ್ಲಾಸೂ ಬರಿದು ಮಾಡಬೇಕೆಂದೇನಿಲ್ಲ, ಉಗುಳುವುದು ಅಲ್ಲಿ ಮರ್ಯಾದೆಗೇಡಲ್ಲ. ಕ್ಯಾಬರ್ನೆ–ಶಿರಾಜ್ ಬೆರೆಸಿದ ‘ಲಾ ರಿಸರ್ವ್’ ಹೆಸರಿಗೆ ತಕ್ಕಂತಿದೆ. ಬಾಡೂಟಕ್ಕೆ ಅದೇ ಸರಿ, ಬರೀ ಬಾಯಿಗೆ ಒಗರು ಹೆಚ್ಚು. ಮೊದಲ ಸಲದವರಿಗೆ ವಿಯೋನಿಯೆ ಹಿತ.

ಬಾಟಲಿ ಕೊಂಡರೆ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಒಳಗಿನ ವೈನ್ ಹಿಗ್ಗಿ ಕಾರ್ಕ್ ಮೇಲೇಳುತ್ತದೆ, ರುಚಿ ಬೆಂದ ಹಣ್ಣಿನದಾಗುತ್ತದೆ. ಕರ್ನಾಟಕದ ಸುಂಕ ಕಟ್ಟಿದ ಬಾಟಲಿ ಗಡಿ ದಾಟಿದರೆ ಆಂಧ್ರದಲ್ಲಿ ಹೊರರಾಜ್ಯದ ಮದ್ಯ. ಹೊರಡುವ ಮುನ್ನವೇ ಅಬಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ. ಮನೆಯಲ್ಲಿ ಕೆಂಪನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ‘ರೂಮ್ ಟೆಂಪರೇಚರ್’ ಅಂದರೆ 16–18 ಡಿಗ್ರಿ, ಹಿಂದೂಪುರದ ಮಾರ್ಚ್ ಅಲ್ಲ. ತೆರೆದದ್ದನ್ನು ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ.