ಹಠಾತ್ ಕಾಯಿಲೆಗೆ ಕ್ಲಿನಿಕ್, ವಿಡಿಯೊ ಕರೆ, ತುರ್ತು ವಿಭಾಗ: ನಾನು ಎಲ್ಲಿಗೆ ಹೋಗುತ್ತೇನೆ, ಏಕೆ

ಇದ್ದಕ್ಕಿದ್ದಂತೆ ಆರೋಗ್ಯ ಕೆಟ್ಟಾಗ ನಾನು ಮೊದಲು ಹೋಗುವುದು ನಮ್ಮ ಮನೆಮಂದಿಯನ್ನು ವರ್ಷಗಳಿಂದ ನೋಡುತ್ತಿರುವ ವೈದ್ಯರ ಕ್ಲಿನಿಕ್ಕಿಗೆ. ವಿಡಿಯೊ ಕರೆ, ಮುಂಚಿತವಾಗಿ ಸಮಯ ಗೊತ್ತುಮಾಡಿಕೊಳ್ಳದೆ ಹೋಗಬಹುದಾದ ಸಣ್ಣ ಚಿಕಿತ್ಸಾ ಕೇಂದ್ರ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗ ಎಲ್ಲವನ್ನೂ ಬಳಸಿ ನೋಡಿದ ಮೇಲೂ ಈ ಅಭಿಪ್ರಾಯ ಬದಲಾಗಿಲ್ಲ. ಕೆಲವು ಲಕ್ಷಣಗಳು ಕಂಡಾಗ ಮಾತ್ರ ಕ್ಲಿನಿಕ್ಕಿನ ಯೋಚನೆಯನ್ನೇ ಮಾಡಬಾರದು. ಅವನ್ನು ಮುಂದೆ ಹೇಳುತ್ತೇನೆ.

ಚರ್ಮದ ಮೇಲೆದ್ದ ದದ್ದು ತೋರಿಸಲು, ಪರೀಕ್ಷೆಯ ವರದಿ ಅರ್ಥಮಾಡಿಕೊಳ್ಳಲು ವಿಡಿಯೊ ಕರೆಯನ್ನು ನಾನು ಈಗಲೂ ಬಳಸುತ್ತೇನೆ. ತೊಡಕು ಎದುರಾದದ್ದು ಹೊಟ್ಟೆನೋವಿನಲ್ಲಿ. ನನ್ನ ತಮ್ಮನಿಗೆ ಬೆಳಿಗ್ಗೆ ಹೊಕ್ಕುಳ ಸುತ್ತ ಶುರುವಾದ ನೋವು ಮಧ್ಯಾಹ್ನದ ಹೊತ್ತಿಗೆ ಬಲಗಡೆಯ ಕೆಳಹೊಟ್ಟೆಗೆ ಇಳಿದಿತ್ತು. ಪರದೆಯ ಮೇಲಿನ ವೈದ್ಯರು ವಾಂತಿಯಾಯಿತೇ, ಹಸಿವಿದೆಯೇ, ಜ್ವರ ಎಷ್ಟಿದೆ ಎಂದು ತಾಳ್ಮೆಯಿಂದಲೇ ಕೇಳಿದರು. ಆಮೇಲೆ ಫೋನನ್ನು ಅವನ ಹೊಟ್ಟೆಯ ಕಡೆ ಹಿಡಿಯಲು ಹೇಳಿ, ನನ್ನ ಕೈಯಿಂದಲೇ ಒತ್ತಿಸಿದರು. ಎಷ್ಟು ಆಳಕ್ಕೆ ಒತ್ತಬೇಕು? ಬೆರಳಿಗೆ ಹತ್ತಿದ ಬಿಗಿತ ಅವನು ಹೆದರಿ ಹೊಟ್ಟೆಯನ್ನು ಬಿಗಿಹಿಡಿದದ್ದರಿಂದ ಬಂದದ್ದೋ, ಒಳಗಿನ ಉರಿಯೂತದಿಂದ ಸ್ನಾಯು ತಾನಾಗಿ ಬಿಗಿದದ್ದೋ? ತರಬೇತಿಯಿಲ್ಲದ ಕೈಗೆ ಅದು ತಿಳಿಯುವುದಿಲ್ಲ. ಕ್ಯಾಮೆರಾದ ಮೂಲಕ ನೋಡುವವರಿಗೂ ಕಾಣುವುದಿಲ್ಲ.

ಕೊನೆಗೆ ಅವರು, ಇದನ್ನು ಯಾರಾದರೂ ಕೈಯಿಟ್ಟು ನೋಡಲೇಬೇಕು ಎಂದರು. ಅದು ಪ್ರಾಮಾಣಿಕವಾದ ಮಾತು, ಅವರನ್ನು ದೂರುವಂತಿಲ್ಲ. ಆದರೆ ನೋಂದಣಿ, ಹಣ ಪಾವತಿ, ಸರತಿ, ನಡುವೆ ಕಡಿದುಹೋದ ಸಂಪರ್ಕ ಎಲ್ಲಕ್ಕೂ ಸೇರಿ ಹೋದ ಹೊತ್ತು, ಅಪೆಂಡಿಕ್ಸ್ ಒಡೆಯಬಹುದಾದ ಸ್ಥಿತಿಯಲ್ಲಿ, ಸಣ್ಣದೇನೂ ಅಲ್ಲ. ಸ್ಟೆತಸ್ಕೋಪ್ ಇಟ್ಟು ಕೇಳಬೇಕಾದ ಕೆಮ್ಮು, ದೀಪ ಹಾಕಿ ಒಳಗೆ ನೋಡಬೇಕಾದ ಕಿವಿನೋವು ಇವುಗಳ ವಿಷಯದಲ್ಲೂ ಇದೇ ಕೊರತೆಯಿದೆ.

ಕ್ಲಿನಿಕ್ಕಿನಲ್ಲಿ ವೈದ್ಯರು ಅವನನ್ನು ಮಲಗಿಸಿ, ಮೊಣಕಾಲು ಮಡಿಚಿಸಿ, ನೋವಿಲ್ಲದ ಎಡಗಡೆಯಿಂದ ಮೆಲ್ಲಗೆ ಒತ್ತುತ್ತ ಬಂದರು. ಬಲಗಡೆ ಒತ್ತಿದ ಕೈಯನ್ನು ತಟ್ಟನೆ ತೆಗೆದಾಗ, ಒತ್ತಿದಾಗಿನದಕ್ಕಿಂತ ಹೆಚ್ಚಿನ ನೋವಿನಿಂದ ಅವನು ಮುಖ ಕಿವಿಚಿದ. ಅಪೆಂಡಿಕ್ಸಿನ ಉರಿಯೂತವಿರಬಹುದು ಎನ್ನಲು ಅವರಿಗೆ ಅಷ್ಟು ಸಾಕಾಯಿತು. ಶಸ್ತ್ರಚಿಕಿತ್ಸೆ ಬೇಕಾಗಬಹುದು, ಏನೂ ತಿನ್ನಿಸಬೇಡಿ, ಕುಡಿಸಬೇಡಿ ಎಂದು ಹೇಳಿ, ನೋವು ಶುರುವಾದ ಸಮಯ, ಜ್ವರ, ತಾವು ಕಂಡದ್ದು, ಅವನಿಗೆ ಚಿಕ್ಕಂದಿನಿಂದ ಪೆನಿಸಿಲಿನ್ ಅಲರ್ಜಿ ಇರುವುದು ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅಲರ್ಜಿಯ ವಿಷಯ ಆ ಗಡಿಬಿಡಿಯಲ್ಲಿ ನಮ್ಮಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ಹಳೆಯ ವೈದ್ಯರನ್ನು ನಾನು ಇಷ್ಟು ನೆಚ್ಚಿಕೊಳ್ಳುವುದು ಇದಕ್ಕಾಗಿಯೇ.

ಆ ಚೀಟಿ ಹಿಡಿದು ನಾವು ತುರ್ತು ವಿಭಾಗಕ್ಕೆ ಹೋದೆವು. ಅಲ್ಲಿ ಮೊದಲು ಬಂದವರಿಗಲ್ಲ, ಹೆಚ್ಚು ಅಪಾಯದಲ್ಲಿರುವವರಿಗೆ ಮೊದಲ ಸರದಿ. ಕಾಯಿಲೆಯ ತೀವ್ರತೆಗೆ ತಕ್ಕಂತೆ ರೋಗಿಗಳಿಗೆ ಬಣ್ಣದ ಗುರುತು ಕೊಡುವ, ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಕೆಂಪು ಗುರುತಿನವರನ್ನು ತಕ್ಷಣ, ಕಿತ್ತಳೆಯವರನ್ನು 10 ನಿಮಿಷದೊಳಗೆ ನೋಡಬೇಕು; ಹಳದಿಗೆ 60, ಹಸಿರಿಗೆ 120, ನೀಲಿಗೆ 240 ನಿಮಿಷದವರೆಗೆ ಕಾಯಿಸಬಹುದು. ಸಾಮಾನ್ಯ ಜ್ವರಕ್ಕೆ ಅಲ್ಲಿಗೆ ಹೋಗಿ ಗಂಟೆಗಟ್ಟಲೆ ಕೂರುವುದು ಅನ್ಯಾಯವಲ್ಲ, ವ್ಯವಸ್ಥೆ ಇರುವುದೇ ಹಾಗೆ. ಚೀಟಿಯ ಬಲದಿಂದ ನಾವು ಯಾರನ್ನೂ ಹಿಂದಿಕ್ಕಲಿಲ್ಲ. ತೀವ್ರತೆಯನ್ನು ಅಳೆಯಲು ದಾದಿಯರಿಗೆ ಬೇಕಾದ ಮಾಹಿತಿ ಅದರಲ್ಲಿ ಸಿದ್ಧವಾಗಿತ್ತು.

ಎದೆಯನ್ನು ಅದುಮಿದಂತಾಗಿ ತೋಳಿಗೋ ದವಡೆಗೋ ಹರಡುವ ನೋವು, ಏದುಸಿರು, ಒಂದು ಕಡೆಗೆ ಸೊಟ್ಟಗಾದ ಮುಖ, ಬಲ ಕಳೆದುಕೊಂಡ ಕೈ, ತೊದಲು ಮಾತು, ನಿಲ್ಲದ ರಕ್ತಸ್ರಾವ, ಪ್ರಜ್ಞೆ ತಪ್ಪುವುದು, 3 ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ: ಇವುಗಳಲ್ಲಿ ಒಂದು ಕಂಡರೂ ಆಂಬುಲೆನ್ಸ್ ಕರೆಸಿ ನೇರವಾಗಿ ತುರ್ತು ವಿಭಾಗಕ್ಕೇ ಹೋಗಬೇಕು. ಮೆದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆದಾಗ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕಾಗುತ್ತದೆ. ಆದ್ದರಿಂದ ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಮಧುಮೇಹವಿರುವವರಲ್ಲಿ ಎದೆನೋವೇ ಇಲ್ಲದೆ, ಬರೀ ಸುಸ್ತು, ಬೆವರು, ಏದುಸಿರಿನ ರೂಪದಲ್ಲಿ ಹೃದಯಾಘಾತ ಆಗಬಹುದು.

ಸಣ್ಣ ಚಿಕಿತ್ಸಾ ಕೇಂದ್ರ ಹೊಲಿಗೆ ಹಾಕಿಸಲು, ಉಳುಕಿದ ಕಾಲಿಗೆ ಎಕ್ಸ್‌ರೇ ತೆಗೆಸಲು ಚೆನ್ನಾಗಿದೆ. ಔಷಧದಂಗಡಿಯವರನ್ನು ಕೇಳಿ ಮಾತ್ರೆ ತರುವುದು ನೆಗಡಿಯ ಮಟ್ಟಿಗೆ ಸರಿ. ಆದರೆ ಡೆಂಗಿಯ ಸಂದೇಹವಿರುವಾಗ ಐಬುಪ್ರೊಫೆನ್, ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ.

ಖರ್ಚಿನ ಲೆಕ್ಕದಲ್ಲೂ ನನ್ನ ಒಲವು ಕ್ಲಿನಿಕ್ಕಿನ ಕಡೆಗೇ ಇದೆ, ಏಕೆಂದರೆ ನಮ್ಮ ಹಿಂದಿನ ಪರೀಕ್ಷೆಗಳ ಫಲಿತಾಂಶ ಗೊತ್ತಿರುವ ವೈದ್ಯರು ಅವನ್ನೇ ಮತ್ತೆ ಬರೆದುಕೊಡುವುದಿಲ್ಲ. ಊರೂರು ತಿರುಗುವ ಉದ್ಯೋಗದವರಿಗೆ, ಒಬ್ಬರೇ ವೈದ್ಯರನ್ನು ಕಾಣಲಾಗದವರಿಗೆ ಈ ಆಯ್ಕೆ ಒಗ್ಗಲಾರದು. ಅವರು ತಮ್ಮ ಔಷಧಗಳ ಹೆಸರು, ಪ್ರಮಾಣ, ಅಲರ್ಜಿಗಳ ವಿವರವನ್ನು ಬರೆದು ಜೊತೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಕ್ಲಿನಿಕ್ಕಿನ ನಿಜವಾದ ಕೊರತೆ ಅದರ ಸಮಯ. ರಾತ್ರಿ ಬಾಗಿಲು ಹಾಕಿರುವಾಗ ಸಾಧಾರಣ ಜ್ವರವಾದರೆ ವಿಡಿಯೊ ಕರೆ ಮಾಡಿ ಬೆಳಗಿನವರೆಗೆ ಕಾಯುತ್ತೇನೆ. ಹೆಚ್ಚುತ್ತಲೇ ಹೋಗುವ ಹೊಟ್ಟೆನೋವಾದರೆ ಕಾಯದೆ ತುರ್ತು ವಿಭಾಗಕ್ಕೆ ಹೊರಡುತ್ತೇನೆ.