ಇಐಎ ಕನ್ಸಲ್ಟೆನ್ಸಿಯಲ್ಲಿ ಮೊದಲ ಕೆಲಸಕ್ಕೆ ಸೇರುವವರೇ, ಖಾಲಿ ಫೀಲ್ಡ್ ಶೀಟ್‌ಗೆ ಸಹಿ ಹಾಕಬೇಡಿ

ಎಂಎಸ್ಸಿ ಪರಿಸರ ವಿಜ್ಞಾನ ಮುಗಿಸಿ, ಇಐಎ (ಯೋಜನೆಯಿಂದ ಪರಿಸರದ ಮೇಲಾಗುವ ಪರಿಣಾಮದ ಅಂದಾಜು) ವರದಿ ಮಾಡುವ ಕಂಪನಿಗಳಲ್ಲಿ ಕೆಲಸ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸೇರಿದ ಮೊದಲ ವಾರ ನಿಮ್ಮ ಮುಂದೆ ಒಂದು ಕಟ್ಟು ಖಾಲಿ ಫೀಲ್ಡ್ ಶೀಟ್ (ಸ್ಥಳದಲ್ಲಿ ಅಳೆದದ್ದನ್ನು ಬರೆಯುವ ಹಾಳೆ) ಇಟ್ಟು "ಸೈನ್ ಮಾಡಿಡು, ಆಮೇಲೆ ಟೈಮ್ ಉಳಿಯುತ್ತೆ" ಅಂದರೆ ಹಾಕಬೇಡಿ. ನಾನು ಹಾಕಿದೆ. ಇನ್ನೂರರ ಹತ್ತಿರ ಶೀಟ್. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಲೇಬೇಕು.

ಕಂಪನಿಯ ಹೆಸರು ಬರೆಯುತ್ತಿಲ್ಲ. ನನ್ನ ಮೂಲ ಅಂಕಪಟ್ಟಿ ಇನ್ನೂ ಅವರ ಹತ್ತಿರವೇ ಇದೆ.

ಆಫರ್ ಎಲ್ಲರಿಗೂ ಕೊಡುವಂಥದ್ದೇ. ಜೂನಿಯರ್ ಎನ್ವಿರಾನ್‌ಮೆಂಟಲ್ ಸೈಂಟಿಸ್ಟ್, ತಿಂಗಳಿಗೆ 18,000, ಎರಡು ವರ್ಷದ ಬಾಂಡ್, ಮಧ್ಯೆ ಬಿಟ್ಟರೆ ಒಂದು ಲಕ್ಷ ಕಟ್ಟಬೇಕು. ಮಾರ್ಕ್ಸ್ ಕಾರ್ಡ್ "ವೆರಿಫಿಕೇಶನ್‌ಗೆ" ಅಂತ ತೆಗೆದುಕೊಂಡರು. "ಮುಂದೆ ನ್ಯಾಬೆಟ್ ಲಿಸ್ಟಲ್ಲಿ ನಿನ್ನ ಹೆಸರು ಹಾಕಿಸ್ತೀವಿ" ಅಂದರು. ಈ ಕ್ಷೇತ್ರದಲ್ಲಿ ಆ ಮಾತಿಗೆ ಎಷ್ಟು ಬೆಲೆ ಅಂತ ಓದಿದವರಿಗೆಲ್ಲ ಗೊತ್ತು. ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಅಡಿಯ ನ್ಯಾಬೆಟ್ ಮಾನ್ಯತೆ ಇಲ್ಲದೆ ಇಐಎ ವರದಿ ನಡೆಯುವುದಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡು ಸಹಿ ಹಾಕಿದ್ದು.

ಪ್ರಾಜೆಕ್ಟ್ ಒಂದು ಕಲ್ಲು ಕ್ವಾರಿ ಕ್ಲಸ್ಟರ್. ಬೇಸ್‌ಲೈನ್, ಅಂದರೆ ಈಗಿರುವ ಪರಿಸ್ಥಿತಿಯ ಅಳತೆ, ಮಾರ್ಚ್‌ನಿಂದ ಮೇ ತನಕ. ಕ್ವಾರಿಯ ಸುತ್ತ 10 ಕಿ.ಮೀ. ವ್ಯಾಪ್ತಿಯಲ್ಲಿ ಗಾಳಿ ಅಳೆಯಲು 8 ಜಾಗ. ಒಂದೊಂದು ಜಾಗದಲ್ಲೂ ವಾರಕ್ಕೆ ಎರಡು ದಿನ, ದಿನಕ್ಕೆ 24 ಗಂಟೆ, ಹನ್ನೆರಡು ವಾರ. ಅಂದರೆ ಜಾಗಕ್ಕೆ 24 ದಿನ, ಒಟ್ಟು 192. ಈಗ ಲೆಕ್ಕ ಹಾಕಿ. ವಾರಕ್ಕೆ 16 ದಿನದಷ್ಟು ಸ್ಯಾಂಪ್ಲಿಂಗ್ ಆಗಬೇಕು. ಕಂಪನಿಯಲ್ಲಿದ್ದ ಆರ್‌ಡಿಎಸ್ (ಗಾಳಿಯ ಧೂಳನ್ನು ಫಿಲ್ಟರ್ ಪೇಪರಿನಲ್ಲಿ ಹಿಡಿಯುವ ಮಷೀನ್) ಎರಡೇ ಎರಡು, ಒಂದರ ಮೋಟರಿನ ಕಾರ್ಬನ್ ಬ್ರಶ್ ಸವೆದು ಆಗಾಗ ನಿಲ್ಲುತ್ತಿತ್ತು. ಎರಡು ಮಷೀನ್ ಹಗಲು ರಾತ್ರಿ ನಿಲ್ಲಿಸದೆ ಓಡಿದರೂ ವಾರಕ್ಕೆ 14. ಇಳಿಸಿ, ಊರೂರಿಗೆ ಸಾಗಿಸಿ, ತಾರಸಿಗೆ ಹತ್ತಿಸಿ, ಕರೆಂಟ್ ಹುಡುಕಿ ಓಡಿಸಿದರೆ ಹತ್ತು ಆದರೆ ದೊಡ್ಡದು. ಈ ಲೆಕ್ಕ ಮೊದಲ ದಿನವೇ ನನ್ನ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮೂರನೇ ವಾರ ನನ್ನ ಮೇಲಿದ್ದ ಸರ್ ಹತ್ತಿರ ಕೇಳಿದೆ: "ಸರ್, ಉಳಿದ ಆರು ಊರಿಗೆ ಮಷೀನ್ ಯಾವಾಗ ಹೋಗುತ್ತೆ?"

"ಎರಡು ಕಡೆ ಓಡಿಸಿದ್ರೆ ಟ್ರೆಂಡ್ ಸಿಕ್ತಲ್ಲಪ್ಪ. ಮಿಕ್ಕಿದ್ದು ಎಕ್ಸೆಲ್‌ನಲ್ಲಿ ಬರುತ್ತೆ."

ಎಕ್ಸೆಲ್‌ನಲ್ಲಿ ಬರುತ್ತೆ! ಮೂರು ತಿಂಗಳ ಗಾಳಿ!

ನಿಜವಾಗಿ ಓಡಿಸಿದ ಒಂದು ದಿನದ ವಿಷಯ ಹೇಳುತ್ತೇನೆ. ಕ್ವಾರಿ ರಸ್ತೆಯ ಪಕ್ಕದ ಮನೆಯ ತಾರಸಿ. ಎಂಟೆಂಟು ಗಂಟೆಯ ಮೂರು ಫಿಲ್ಟರ್ ಪೇಪರ್. ಮಧ್ಯಾಹ್ನದ ಪೇಪರ್ ತೆಗೆದಾಗ ಬಿಳಿ ಹೋಗಿ ಬೂದಿ ಬಣ್ಣ ಬಂದಿತ್ತು, ಕ್ಲಾಂಪಿನ ಅಂಚು ಮಾತ್ರ ಬೆಳ್ಳಗೆ. 24 ಗಂಟೆ ತೇವ ತೆಗೆಯುವ ಡೆಸಿಕೇಟರ್‌ನಲ್ಲಿಟ್ಟು ತೂಗಿದೆ. ಹಾಕುವ ಮುಂಚೆ 2.7406 ಗ್ರಾಂ, ಈಗ 2.8029. ಧೂಳು 0.0623 ಗ್ರಾಂ. ನಿಮಿಷಕ್ಕೆ ಸರಾಸರಿ 1.1 ಘನ ಮೀಟರ್‌ನಂತೆ ಎಂಟು ಗಂಟೆಗೆ 528 ಘನ ಮೀಟರ್ ಗಾಳಿ. ಭಾಗಿಸಿದರೆ ಘನ ಮೀಟರಿಗೆ 118 ಮೈಕ್ರೋಗ್ರಾಂ. ಮೂರೂ ಪೇಪರ್ ಸೇರಿಸಿ ಆ ದಿನದ ಪಿಎಂ10 (10 ಮೈಕ್ರಾನ್‌ವರೆಗಿನ ಸಣ್ಣ ಧೂಳು) ಸರಾಸರಿ 109. 2009ರ ರಾಷ್ಟ್ರೀಯ ಮಾನದಂಡದ 24 ಗಂಟೆಯ ಮಿತಿ 100.

ವರದಿಯ ಕರಡಿನಲ್ಲಿ ಅದೇ ಊರು, ಅದೇ ತಾರೀಕು: 68.4.

ಟೈಪಿಂಗ್ ತಪ್ಪು ಅಂದುಕೊಂಡು ಮೂಲ ಶೀಟ್ ತೆಗೆಸಿದೆ. ಕೆಳಗೆ ನನ್ನ ಸಹಿ. ಮೇಲೆ ಬೇರೆ ಯಾರದೋ ಕೈಬರಹ. ಬೇಕಾದ ಉತ್ತರ ಮೊದಲು ಇಟ್ಟುಕೊಂಡು, ಅದರಿಂದ ಪೇಪರಿನ ಕೊನೆಯ ತೂಕವನ್ನು ಹಿಂದಕ್ಕೆ ಲೆಕ್ಕ ಹಾಕಿ ತುಂಬಿದ್ದರು. ನಾನು ಇಡೀ ದಿನ ಆಫೀಸಿನಲ್ಲಿ ಹಾಜರಿ ಹಾಕಿ ಕೂತಿದ್ದ ತಾರೀಕಿನ ಶೀಟುಗಳೂ ಕಟ್ಟಿನಲ್ಲಿದ್ದವು. ನಾನು ಕಾಲೇ ಇಡದ ಊರುಗಳು, ಎಲ್ಲದರ ಕೆಳಗೂ ನನ್ನ ಸಹಿ. ಖಾಲಿ ಶೀಟ್ ಕೊಟ್ಟಿದ್ದು ಯಾಕೆ ಅಂತ ಆಗ ಅರ್ಥವಾಯಿತು.

ಸುಳ್ಳು ಶೀಟನ್ನು ಗುರುತಿಸುವುದು ಕಷ್ಟವಲ್ಲ. ಪೇಪರಿನಲ್ಲಿ ಧೂಳು ಕೂತಂತೆ ಫ್ಲೋ, ಅಂದರೆ ನಿಮಿಷಕ್ಕೆ ಮಷೀನ್ ಎಳೆಯುವ ಗಾಳಿ, ಇಳಿಯುತ್ತದೆ, 1.2ರಲ್ಲಿ ಶುರುವಾದದ್ದು ಸಂಜೆಗೆ 1.0ರ ಹತ್ತಿರ ಬಂದಿರುತ್ತದೆ. ಸುಳ್ಳು ಶೀಟಿನಲ್ಲಿ ಬೆಳಗಿನಿಂದ ಸಂಜೆವರೆಗೂ 1.1. ಮಷೀನಿನಲ್ಲಿ ಟೈಮ್ ಟೋಟಲೈಸರ್ ಇರುತ್ತದೆ, ಎಷ್ಟು ಹೊತ್ತು ಓಡಿತು ಅಂತ ಅದೇ ತೋರಿಸುತ್ತದೆ. ಹಳ್ಳಿಯ ಕರೆಂಟಿನಲ್ಲಿ ಅದು 6.8 ಗಂಟೆ, 7.3 ಗಂಟೆ ಹೀಗೆ ಬರುತ್ತದೆ. ಸುಳ್ಳು ಶೀಟಿನಲ್ಲಿ ಎಲ್ಲ ದಿನವೂ 8.0. ಜನರೇಟರ್ ಇಟ್ಟು ಓಡಿಸಿದ್ದರೆ ಅದು ಎಷ್ಟು ದೂರ, ಗಾಳಿಯ ಯಾವ ದಿಕ್ಕಿನಲ್ಲಿತ್ತು ಅಂತ ಬರೆದಿರಬೇಕು, ಯಾಕೆಂದರೆ ಅದರ ಹೊಗೆಯೇ ರೀಡಿಂಗ್ ಕೆಡಿಸುತ್ತದೆ. ನಮ್ಮ ಕಟ್ಟಿನಲ್ಲಿ ಆ ಮಾತೇ ಇಲ್ಲ.

ಸರ್ ಹತ್ತಿರ ಹೋಗಿ ಕೇಳಿದೆ. ಅವರ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"109 ಅಂತ ಹಾಕಿದ್ರೆ ಕ್ಲೈಂಟ್ ದುಡ್ಡು ಕೊಡ್ತಾನಾ?"

"ಎಲ್ಲಾ ಕಡೆ ನಡೆಯೋದು ಹೀಗೇನೇ, ನೀನು ಹೊಸಬ."

"ಸೈನ್ ಮಾಡಿದ್ದು ನೀನೇ ತಾನೇ? ನಾನು ಕೈ ಹಿಡಿದು ಮಾಡಿಸಿದ್ನಾ?"

ಈ ಮೂರನೆಯದು ಇವತ್ತಿಗೂ ಕಿವಿಯಲ್ಲಿದೆ. ಸಹಿ ಹಾಕಿಸಿಕೊಂಡವರೇ ಆಡಿದ ಮಾತು ಇದು.

ಇನ್ನೊಂದು. ವರದಿಯ ಸಾರಾಂಶವನ್ನು ಕನ್ನಡದಲ್ಲೂ ಕೊಡಬೇಕು, ಊರಿನವರು ಓದುವುದು ಅದನ್ನೇ. ಹೊಸಬರ ತಲೆಗೇ ಆ ಕೆಲಸ ಕಟ್ಟುತ್ತಾರೆ. "ಧೂಳಿನ ಪ್ರಮಾಣ ನಿಗದಿತ ಮಿತಿಯೊಳಗಿದೆ" ಅಂತ ಟೈಪ್ ಮಾಡಿದ್ದು ನನ್ನ ಕೈ. ಸಾರ್ವಜನಿಕ ಆಲಿಕೆಯ ದಿನ ಊರಿನ ಹಿರಿಯರೊಬ್ಬರು ಅದೇ ಹಾಳೆ ಹಿಡಿದು ನಿಂತು, "ನಮ್ಮೂರಲ್ಲಿ ಮಷೀನ್ ಇಟ್ಟಿದ್ದು ಯಾವತ್ತು, ಯಾರ ಮನೆ ಮೇಲೆ?" ಅಂತ ಕೇಳಿದರು. ವೇದಿಕೆಯಿಂದ ನಮ್ಮ ಸರ್ ಉತ್ತರ: "ಅದು ಟೆಕ್ನಿಕಲ್ ವಿಷಯ ಯಜಮಾನ್ರೇ, ವರದಿಯಲ್ಲಿದೆ." ಆ ಊರಿಗೆ ಮಷೀನ್ ಹೋಗಿರಲೇ ಇಲ್ಲ. ನಾನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ.

ಕೈಗವಸಿನ ವಿಷಯ ಬಿಡುವಂತಿಲ್ಲ. ಸಲ್ಫರ್ ಡೈಆಕ್ಸೈಡ್ ಅಳೆಯಲು ಇಂಪಿಂಜರ್‌ನಲ್ಲಿ (ಗಾಳಿ ಹಾಯಿಸುವ ಗಾಜಿನ ಕೊಳವೆ) ಹಾಕುವ ದ್ರಾವಣದಲ್ಲಿ ಪಾದರಸ ಇರುತ್ತದೆ, ನೈಟ್ರೋಜನ್ ಡೈಆಕ್ಸೈಡ್‌ನದರಲ್ಲಿ ಆರ್ಸೆನೈಟ್. ಎರಡೂ ವಿಷ. ಬರಿಗೈಯಲ್ಲಿ ತುಂಬಿಸುತ್ತಿದ್ದರು, ಉಳಿದದ್ದನ್ನು ಸಿಂಕಿಗೆ ಸುರಿಯುತ್ತಿದ್ದರು. ಪರಿಸರ ಕನ್ಸಲ್ಟೆನ್ಸಿಯ ಸಿಂಕ್ ಅದು. ಗ್ಲೌಸ್ ಕೇಳಿದರೆ "ನಿಮ್ಮ ಕಾಲೇಜಲ್ಲಿ ಕೊಡ್ತಿದ್ರಾ?" ಅನ್ನುವುದೇ ಉತ್ತರ.

ಈಗ ಸೇರುವವರಿಗೆ. ಇಂಟರ್‌ವ್ಯೂನಲ್ಲಿ ನಾಚಿಕೊಳ್ಳದೆ ಕೇಳಿ: ಆರ್‌ಡಿಎಸ್ ಎಷ್ಟಿವೆ, ಇನ್ನೂ ಸಣ್ಣ ಧೂಳಿನ ಪಿಎಂ2.5 ಸ್ಯಾಂಪ್ಲರ್ ಎಷ್ಟಿವೆ, ಕ್ಯಾಲಿಬ್ರೇಶನ್ ಯಾವಾಗ ಆಯಿತು, ಈಗ ಎಷ್ಟು ಪ್ರಾಜೆಕ್ಟ್ ನಡೆಯುತ್ತಿವೆ. ಮೇಲಿನ ಲೆಕ್ಕ ನೀವೇ ಹಾಕಿ. ನ್ಯಾಬೆಟ್ ಪಟ್ಟಿಯಲ್ಲಿ ಕಂಪನಿಯ ಹೆಸರು, ಯಾವ ಸೆಕ್ಟರ್, ಮಾನ್ಯತೆ ಎಲ್ಲಿಯವರೆಗೆ ಅಂತ ನೀವೇ ನೋಡಿ, ಅವರು ತೋರಿಸಿದ ಜೆರಾಕ್ಸ್ ನಂಬಬೇಡಿ. ಪರಿಸರ ಅನುಮತಿಯ ಅರ್ಜಿಗಳಿರುವ ಸರ್ಕಾರಿ ಪರಿವೇಶ್ ಪೋರ್ಟಲ್‌ನಲ್ಲಿ ಅವರ ಹಳೆಯ ವರದಿ ಸಿಕ್ಕರೆ ಎರಡನ್ನು ಅಕ್ಕಪಕ್ಕ ಇಟ್ಟು ಓದಿ. ಬಯಲುಸೀಮೆಯ ವರದಿಯಲ್ಲೂ ಕರಾವಳಿಯ ವರದಿಯಲ್ಲೂ ಗಿಡ, ಪಕ್ಷಿಗಳ ಪಟ್ಟಿ ಒಂದೇ ಆಗಿದ್ದರೆ ಆ ಕಡೆ ತಲೆ ಹಾಕಬೇಡಿ.

ಮೂಲ ಅಂಕಪಟ್ಟಿ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು ವಾಪಸ್ ತನ್ನಿ. ಬಾಂಡ್‌ಗೆ ಹೆದರಿ ಅಲ್ಲೇ ಕೊಳೆಯಬೇಡಿ. 1872ರ ಕರಾರು ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಬರೆದ ಮೊತ್ತ ಪೂರ್ತಿ ತಾನಾಗಿಯೇ ಅವರ ಪಾಲಾಗುವುದಿಲ್ಲ, ಆ ಮೊತ್ತವನ್ನು ಮೀರದ ನ್ಯಾಯವಾದ ಪರಿಹಾರ ಮಾತ್ರ.

ಸಹಿ ಹಾಕುವುದಾದರೆ ಮಷೀನ್ ಪಕ್ಕದಲ್ಲೇ ನಿಂತು, ತಾರೀಕು, ಗಂಟೆ, ಟೋಟಲೈಸರ್ ರೀಡಿಂಗ್ ತುಂಬಿದ ಮೇಲೆ ಹಾಕಿ. ಜಿಪಿಎಸ್ ಇರುವ ಫೋಟೋ ತೆಗೆದು ನಿಮ್ಮ ಸ್ವಂತ ಮೇಲ್‌ಗೆ ಅವತ್ತೇ ಕಳಿಸಿಕೊಳ್ಳಿ. 2006ರ ಇಐಎ ಅಧಿಸೂಚನೆಯಲ್ಲಿ ಸುಳ್ಳು ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕರಿಸುವ, ಕೊಟ್ಟ ಅನುಮತಿಯನ್ನೂ ರದ್ದು ಮಾಡುವ ಅವಕಾಶವಿದೆ. ನಾಳೆ ಯಾರಾದರೂ ಹಸಿರು ನ್ಯಾಯಮಂಡಳಿಗೆ ಹೋದರೆ ಮೊದಲು ಹೊರಗೆ ಬರುವುದು ಈ ಶೀಟುಗಳೇ, ಅದರಲ್ಲಿ ಸರ್ ಸಹಿ ಒಂದೂ ಇರುವುದಿಲ್ಲ.

ಕೆಲಸ ಬಿಟ್ಟೆ. ನಾನು ಎಲ್ಲಿ ಯಾವತ್ತು ಅಳೆದೆ, ಎಲ್ಲಿ ಅಳೆಯಲಿಲ್ಲ, ಖಾಲಿ ಶೀಟುಗಳಿಗೆ ಯಾವ ವಾರ ಸಹಿ ಹಾಕಿದೆ, ಎಲ್ಲವನ್ನೂ ತಾರೀಕಿನ ಸಮೇತ ರಾಜೀನಾಮೆ ಮೇಲ್‌ನಲ್ಲೇ ಬರೆದು ಕಳಿಸಿದ್ದೇನೆ. ಅದಕ್ಕೆ ವಾಟ್ಸಾಪಿನಲ್ಲಿ ಬಂದ ಉತ್ತರ ಇಷ್ಟೇ: "ಒಂದು ಲಕ್ಷ ತಗೊಂಡು ಬಾ, ಮಾರ್ಕ್ಸ್ ಕಾರ್ಡ್ ತಗೊಂಡು ಹೋಗು." ಅದರ ಸ್ಕ್ರೀನ್‌ಶಾಟ್ ಲಾಯರ್‌ಗೆ ಕೊಟ್ಟಿದ್ದೇನೆ.